ದಾರವಿಲ್ಲದ ಸೂಜಿ

ಎಲ್ಲರಿಗೂ ನಮಸ್ಕಾರ.

ಮಾತು ಶುರು ಮಾಡುವ ಮೊದಲು ಈ ಹಾಳೆಯನ್ನು ಸ್ವಲ್ಪ ನೋಡಿ. ಹಿಂದೆ ಕೂತವರಿಗೆ ಕಾಣಲಿ ಎಂದು ದೀಪದ ಎದುರು ಹಿಡಿಯುತ್ತೇನೆ. ಮಕ್ಕಳು ಬರೆಯುವ ಸಾಮಾನ್ಯ ಗೆರೆ ಹಾಳೆ ಇದು. ಇದರ ಮೇಲೆ ಒಂದಕ್ಷರವೂ ಇಲ್ಲ. ಸಾಲುಗಳ ಉದ್ದಕ್ಕೂ ಸಣ್ಣ ಸಣ್ಣ ತೂತುಗಳಿವೆ, ಬೆಳಕು ಅವುಗಳಿಂದ ತೂರಿ ಬರುತ್ತಿದೆ. ಮೇಲಿನ ಸಾಲುಗಳಲ್ಲಿ ತೂತುಗಳು ಗೆರೆ ಬಿಟ್ಟು ಎಲ್ಲೆಲ್ಲೋ ಅಲೆದಿವೆ. ಒಂದು ಕಡೆ ಹಾಳೆಯೇ ಹರಿದಿದೆ. ಕೆಳಗೆ ಬರುತ್ತಾ ಬರುತ್ತಾ ಗೆರೆಗೆ ಹತ್ತಿರವಾಗಿವೆ. ಕೊನೆಯ ಎರಡು ಸಾಲಿನಲ್ಲಿ ಹೆಚ್ಚುಕಡಿಮೆ ಗೆರೆಯ ಮೇಲೇ ಇವೆ.

ನನಗೆ 45 ವರ್ಷವಾಗಿದ್ದಾಗ ಕಲಿತ ಮೊದಲ ಪಾಠ ಇದು. ಹೊಲಿಗೆ ತರಗತಿಯ ಮೊದಲ ದಿನದ್ದು. ಕಾಲಲ್ಲಿ ತುಳಿಯುವ ಮಷೀನಿಗೆ ಹೊಸಬರನ್ನು ಕೂರಿಸಿದಾಗ ಕೈಗೆ ಬಟ್ಟೆ ಕೊಡುವುದಿಲ್ಲ. ಸೂಜಿಗೆ ದಾರವನ್ನೂ ಪೋಣಿಸುವುದಿಲ್ಲ. ಚಕ್ರವನ್ನು ಕೈಯಿಂದ ನಮ್ಮ ಕಡೆಗೆ ತಿರುಗಿಸಿ, ಅದು ಓಡಲು ಹಿಡಿದ ಮೇಲೆ ಪಾದಗಳ ತುಳಿತ ಸೇರಿಸಬೇಕು. ಲಯ ತಪ್ಪಿತೋ, ಚಕ್ರ ಹಿಂದಕ್ಕೆ ತಿರುಗುತ್ತದೆ. ದಾರ ಇದ್ದಿದ್ದರೆ ಕಿತ್ತುಹೋಗುತ್ತಿತ್ತು, ಕೆಳಗಿನ ದಾರದ ಸುರುಳಿ, ಅಂದರೆ ಬಾಬಿನ್ ಹತ್ತಿರ ಗಂಟು ಕಟ್ಟುತ್ತಿತ್ತು. ಹಾಗಾಗಿ ಮೊದಲ ಕೆಲವು ದಿನ ಬರೀ ಕಾಗದ, ಬರೀ ಸೂಜಿ. ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ತುಳಿಯುತ್ತೀರಿ, ಎದ್ದು ನೋಡಿದರೆ ಏನೂ ಹೊಲಿದಿರುವುದಿಲ್ಲ.

ಜೀವನವನ್ನು ಮತ್ತೆ ಮೊದಲಿನಿಂದ ಶುರು ಮಾಡುವ ಧೈರ್ಯದ ಬಗ್ಗೆ ಮಾತಾಡಿ ಎಂದು ನನ್ನನ್ನು ಕರೆದಿದ್ದೀರಿ. ನಾನೊಬ್ಬ ಧೈರ್ಯವಂತ ಎಂದು ಭಾವಿಸಿ ಕರೆದಿದ್ದರೆ ಅದನ್ನು ಮೊದಲೇ ತಿದ್ದಿಬಿಡುತ್ತೇನೆ. ಈ ತೂತುಗಳು ಬಿದ್ದ ದಿನ ನನ್ನಲ್ಲಿ ಧೈರ್ಯ ಚೂರೂ ಇರಲಿಲ್ಲ. ಇದ್ದದ್ದು ನಾಚಿಕೆ. ಹೊಸದಾಗಿ ಶುರು ಮಾಡಲು ಹೊರಟವರನ್ನು ಹಿಡಿದು ನಿಲ್ಲಿಸುವುದು ಸೋಲಿನ ಭಯ ಎಂದು ಎಲ್ಲರೂ ಹೇಳುತ್ತಾರೆ. ಸೋಲು ನನಗೆ ಆಗಲೇ ಆಗಿತ್ತು, ಅದರ ಭಯವೇನೂ ಉಳಿದಿರಲಿಲ್ಲ. ಇಷ್ಟು ವಯಸ್ಸಾದ ಮೇಲೆ ನಾಲ್ಕು ಜನರ ಕಣ್ಣೆದುರು ಏನೂ ಬಾರದವನಾಗಿ ಕೂರಬೇಕಲ್ಲ, ಆ ಸಂಕೋಚ ನನ್ನನ್ನು ಹಿಡಿದಿತ್ತು. ಇವತ್ತು ನಾನು ಮಾತಾಡಬೇಕೆಂದಿರುವುದು ಅದರ ಬಗ್ಗೆಯೇ.

ಹೊಲಿಗೆ ಕಲಿಯಲು ಹೋಗುವ ಮುಂಚೆ 17 ವರ್ಷ ನಾನು ಒಂದು ಸಣ್ಣ ಪ್ರೆಸ್ ನಡೆಸಿದವನು. ಬಿಲ್ ಬುಕ್ಕು, ರಸೀದಿ ಪುಸ್ತಕ, ಕರಪತ್ರ, ಲೆಟರ್‌ಹೆಡ್ಡು, ಇಂಥವೇ ಕೆಲಸ. ಬರಬರುತ್ತಾ ಬಿಲ್ಲುಗಳನ್ನು ಕಂಪ್ಯೂಟರುಗಳೇ ಕೊಡತೊಡಗಿದವು, ಕರಪತ್ರಗಳು ಫೋನಿನೊಳಗೆ ಸೇರಿಕೊಂಡವು. ಇದರಲ್ಲಿ ಯಾರ ತಪ್ಪೂ ಇಲ್ಲ. ಪ್ರೆಸ್ ಮುಚ್ಚಬೇಕು ಎಂದು ನನಗೆ ಮನದಟ್ಟಾದ ದಿನಕ್ಕೂ ನಾನು ನಿಜಕ್ಕೂ ಶಟರ್ ಎಳೆದ ದಿನಕ್ಕೂ ನಡುವೆ ಮೂರು ವರ್ಷ ಕಳೆದುಹೋಯಿತು. ಆ ಮೂರು ವರ್ಷ ನಾನು ಸಾಲ ಮಾಡಿ ಮಷೀನು ರಿಪೇರಿ ಮಾಡಿಸಿದೆ, ಇಲ್ಲದ ಕೆಲಸಕ್ಕೆ ಇಂಕು ತಂದಿಟ್ಟೆ, ಬೆಳಿಗ್ಗೆ ಒಂಬತ್ತಕ್ಕೆ ಸರಿಯಾಗಿ ಬಾಗಿಲು ತೆಗೆದೆ. ಯಾರಾದರೂ ಕೇಳಿದರೆ ನನ್ನ ಬಾಯಲ್ಲಿ ಒಂದೇ ಮಾತು: "ಇಷ್ಟು ವರ್ಷ ಹಾಕಿದ್ದೀನಲ್ಲ, ಈಗ ಬಿಡೋದು ಹೇಗೆ?"

ಈ ಮಾತು ನಿಮ್ಮಲ್ಲಿ ಹಲವರ ಬಾಯಲ್ಲೂ ಬಂದಿರುತ್ತದೆ. ಬೇರೆ ಬೇರೆ ವಿಷಯಕ್ಕೆ. ಓದುತ್ತಿರುವ ಕೋರ್ಸಿನ ಬಗ್ಗೆ, ಕೆಲಸದ ಬಗ್ಗೆ, ಸಂಬಂಧದ ಬಗ್ಗೆ. ಹಾಲ್ ಆರ್ಕ್ಸ್ ಮತ್ತು ಕ್ಯಾಥರೀನ್ ಬ್ಲೂಮರ್ ಎಂಬ ಇಬ್ಬರು ಸಂಶೋಧಕರು 1985ರಲ್ಲಿ ಇದರ ಬಗ್ಗೆ ಒಂದು ಅಧ್ಯಯನ ಪ್ರಕಟಿಸಿದರು. ಅದರಲ್ಲಿ ಒಂದು ಪ್ರಶ್ನೆ ಹೀಗಿತ್ತು. ನೀವು ಹಿಮದಲ್ಲಿ ಜಾರುವ ಆಟಕ್ಕೆಂದು ಎರಡು ಪ್ರವಾಸಗಳ ಟಿಕೆಟ್ ಕೊಂಡಿದ್ದೀರಿ. ಒಂದಕ್ಕೆ 100 ಡಾಲರ್ ಕೊಟ್ಟಿದ್ದೀರಿ, ಇನ್ನೊಂದಕ್ಕೆ 50. ಹೆಚ್ಚು ಖುಷಿ ಕೊಡುವುದು 50 ಡಾಲರಿನದೇ ಎಂದು ನಿಮಗೆ ಗೊತ್ತು. ಆಮೇಲೆ ನೋಡಿದರೆ ಎರಡೂ ಒಂದೇ ವಾರಾಂತ್ಯಕ್ಕೆ ಬಿದ್ದಿವೆ, ಟಿಕೆಟ್ ವಾಪಸ್ ಕೊಡುವಂತಿಲ್ಲ. ಯಾವುದಕ್ಕೆ ಹೋಗುತ್ತೀರಿ? ಅರ್ಧಕ್ಕಿಂತ ಹೆಚ್ಚು ಜನ 100 ಡಾಲರಿನದಕ್ಕೇ ಹೋಗುತ್ತೇವೆ ಎಂದರು. ಯಾವುದಕ್ಕೆ ಹೋದರೂ ಕೊಟ್ಟ 150 ಡಾಲರ್ ತಿರುಗಿ ಬರುವುದಿಲ್ಲ. ಆದರೂ ಜಾಸ್ತಿ ದುಡ್ಡು ಹೋದದ್ದು ಎಲ್ಲೋ, ಕಾಲು ಅಲ್ಲಿಗೇ ಎಳೆಯುತ್ತದೆ.

ಇದನ್ನು ನಾನು ಓದಿದ್ದು ಪ್ರೆಸ್ ಮುಚ್ಚಿ ಬಹಳ ಕಾಲವಾದ ಮೇಲೆ. ಓದಿದಾಗ ನನಗೆ ಒಂಥರಾ ಸಮಾಧಾನವಾಯಿತು. ಆ ಮೂರು ವರ್ಷ ನಾನು ಹೇಡಿ ಎಂದುಕೊಂಡು ನನ್ನನ್ನೇ ಶಪಿಸಿಕೊಂಡಿದ್ದೆ. ಮನಸ್ಸು ಕೆಲಸ ಮಾಡುವುದೇ ಹಾಗಂತೆ. ಮನಶ್ಶಾಸ್ತ್ರಜ್ಞರಾದ ಡೇನಿಯಲ್ ಕಾನಮನ್ ಮತ್ತು ಅಮೋಸ್ ಟ್ವೆರ್ಸ್ಕಿ 1979ರಲ್ಲಿ ಬರೆದ ಹೆಸರಾಂತ ಪ್ರಬಂಧದಲ್ಲಿ ತೋರಿಸಿದ್ದು ಇದನ್ನೇ: ಕಳೆದುಕೊಂಡಾಗ ಆಗುವ ನೋವು, ಅಷ್ಟೇ ಗಳಿಸಿದಾಗ ಆಗುವ ಸಂತೋಷಕ್ಕಿಂತ ಹೆಚ್ಚು ತೂಗುತ್ತದೆ. ಹಾಗಿರುವಾಗ ಇರುವುದನ್ನು ಬಿಡಲು ಕೈ ಬಾರದಿರುವುದು ಸಹಜ. ಬಿಡಲಾಗದೆ ಒದ್ದಾಡುತ್ತಿರುವವರು ಯಾರಾದರೂ ಇಲ್ಲಿ ಕೂತಿದ್ದರೆ, ಅವರಿಗೆ ನಾನು ಹೇಳುವುದು ಇಷ್ಟೇ. ನಿಮ್ಮನ್ನು ನೀವು ಹಳಿದುಕೊಳ್ಳಬೇಡಿ. ಅದರಿಂದ ಇನ್ನೂ ಒಂದು ವರ್ಷ ಹೋಗುತ್ತದೆ.

ಹಾಗಾದರೆ ಬಿಟ್ಟುಬಿಡುವುದೇ ಸರಿಯಾ? ಎಲ್ಲರಿಗೂ ಎಲ್ಲ ಸಮಯದಲ್ಲೂ ಸರಿ ಎಂದು ನಾನು ಹೇಳಲಾರೆ. ಅರ್ಥಶಾಸ್ತ್ರಜ್ಞ ಸ್ಟೀವನ್ ಲೆವಿಟ್ ಇದನ್ನು ಪರೀಕ್ಷಿಸಲು ಒಂದು ವಿಚಿತ್ರವಾದ ದಾರಿ ಹಿಡಿದರು. ಕೆಲಸ ಬಿಡಲೋ ಬೇಡವೋ, ಸಂಬಂಧ ಮುರಿಯಲೋ ಬೇಡವೋ ಎಂದು ತೀರ್ಮಾನಕ್ಕೆ ಬರಲಾಗದೆ ತೂಗುಯ್ಯಾಲೆಯಲ್ಲಿ ಇರುವವರನ್ನು ಒಂದು ಜಾಲತಾಣಕ್ಕೆ ಕರೆದು, ಅವರ ಪರವಾಗಿ ನಾಣ್ಯ ಚಿಮ್ಮಿದರು. ಒಂದು ಮುಖ ಬಿದ್ದರೆ ಬದಲಾಯಿಸು, ಇನ್ನೊಂದು ಬಿದ್ದರೆ ಇದ್ದಂತೆಯೇ ಇರು. 20,000ಕ್ಕೂ ಹೆಚ್ಚು ನಾಣ್ಯಗಳು ಚಿಮ್ಮಿದವು. 2021ರಲ್ಲಿ ಪ್ರಕಟವಾದ ಆ ಅಧ್ಯಯನದ ಪ್ರಕಾರ, ದೊಡ್ಡ ತೀರ್ಮಾನಗಳ ವಿಷಯದಲ್ಲಿ ಬದಲಾವಣೆಯ ಮುಖ ಬಿದ್ದವರು ಬದಲಾಯಿಸಿದ್ದೂ ಹೆಚ್ಚು, ಆರು ತಿಂಗಳ ನಂತರ ಕೇಳಿದಾಗ ಹೆಚ್ಚು ಸಂತೋಷವಾಗಿದ್ದವರೂ ಅವರೇ. ಇದನ್ನು ಜೋಪಾನವಾಗಿ ಓದಿಕೊಳ್ಳಬೇಕು. ನಾಣ್ಯದ ಮೊರೆ ಹೋದವರು ಆಗಲೇ ಅತ್ತ ಇತ್ತ ಸಮನಾಗಿ ತೂಗುತ್ತಿದ್ದವರು. ನೆಮ್ಮದಿಯಾಗಿರುವವರು ನಾಳೆಯೇ ರಾಜೀನಾಮೆ ಬರೆಯಿರಿ ಎಂದು ಇದರ ಅರ್ಥವಲ್ಲ. ಎರಡೂ ಕಡೆ ಸಮ ಎಂದು ನಮಗೆ ಅನ್ನಿಸುವಾಗ, ಇದ್ದಲ್ಲೇ ಇರುವ ತಟ್ಟೆಗೆ ನಮ್ಮ ಭಯ ಗುಟ್ಟಾಗಿ ಒಂದು ಕಲ್ಲು ಹಾಕಿರುತ್ತದೆ. ನಾನು ಇದರಿಂದ ತೆಗೆದುಕೊಂಡದ್ದು ಅಷ್ಟು.

ಬಿಟ್ಟ ಮೇಲೆ ಏನಾಗುತ್ತದೆ ಎನ್ನುವುದಕ್ಕೆ ಬರುತ್ತೇನೆ. ಪ್ರೆಸ್ಸಿನ ಮಷೀನುಗಳು ಲಾರಿ ಹತ್ತಿದ ದಿನ ನಾನು ಖಾಲಿ ಕೋಣೆಯಲ್ಲಿ ನಿಂತಿದ್ದೆ. ನೆಲದ ಮೇಲೆ ಮಷೀನು ಕೂತಿದ್ದ ಜಾಗದಲ್ಲಿ ನಾಲ್ಕು ಬಿಳಿ ಚೌಕಗಳಿದ್ದವು, ಸುತ್ತ ಹದಿನೇಳು ವರ್ಷದ ಇಂಕಿನ ಕಪ್ಪು. ಮನೆಗೆ ಹೋದ ಮೇಲೆ ಸುಮಾರು ಎರಡು ತಿಂಗಳು ನಾನು ಏನೂ ಮಾಡಲಿಲ್ಲ. ಬಂದವರೆಲ್ಲ "ಧೈರ್ಯ ತಗೊಳ್ಳಿ, ಮುಂದೇನು ಯೋಚನೆ ಮಾಡಿ" ಎನ್ನುತ್ತಿದ್ದರು. ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತಿದ್ದರು. ನನಗೆ ಮಾತ್ರ ಇನ್ನೂ ಹಿಂದಿನದೇ ಮುಗಿದಿರಲಿಲ್ಲ.

ಇಲ್ಲಿ ಒಬ್ಬರ ಕಥೆ ಹೇಳಲೇಬೇಕು. ಇತಿಹಾಸಕಾರ ಥಾಮಸ್ ಕಾರ್ಲೈಲ್ ಫ್ರೆಂಚ್ ಕ್ರಾಂತಿಯ ಚರಿತ್ರೆ ಬರೆಯುತ್ತಿದ್ದರು. ಮೊದಲ ಸಂಪುಟದ ಹಸ್ತಪ್ರತಿಯನ್ನು ಓದಲು ಗೆಳೆಯ ಜಾನ್ ಸ್ಟುವರ್ಟ್ ಮಿಲ್ ಅವರಿಗೆ ಕೊಟ್ಟಿದ್ದರು. ಇದ್ದದ್ದು ಅದೊಂದೇ ಪ್ರತಿ. 1835ರ ಮಾರ್ಚ್ ತಿಂಗಳ ಒಂದು ರಾತ್ರಿ ಮಿಲ್ ಬಿಳಿಚಿಕೊಂಡ ಮುಖ ಹೊತ್ತು ಬಾಗಿಲಿಗೆ ಬಂದರು. ಹಸ್ತಪ್ರತಿ ರದ್ದಿ ಎಂದು ತಿಳಿದು ಬೆಂಕಿಗೆ ಹೋಗಿತ್ತು, ಉಳಿದದ್ದು ಕೆಲವು ಚೂರು. ಕಾರ್ಲೈಲ್ ಅವತ್ತು ಮಾಡಿದ ಮೊದಲ ಕೆಲಸ ಮಿಲ್ ಅವರನ್ನೇ ಸಮಾಧಾನಪಡಿಸಿದ್ದು. ಅವರು ಹೊರಟುಹೋದ ಮೇಲೆ, ನಮಗೆ ಆಗಿರುವ ಪೆಟ್ಟು ಎಷ್ಟು ದೊಡ್ಡದು ಎಂದು ಆತನಿಗೆ ಗೊತ್ತಾಗದಂತೆ ನೋಡಿಕೊಳ್ಳಬೇಕು ಎಂದು ಹೆಂಡತಿಗೆ ಹೇಳಿದರಂತೆ. ಈ ಕಥೆಯನ್ನು ಹೇಳುವವರು ಸಾಮಾನ್ಯವಾಗಿ ಇಲ್ಲಿಂದ ನೇರವಾಗಿ ಕೊನೆಗೆ ಹಾರುತ್ತಾರೆ: ಮತ್ತೆ ಬರೆದರು, 1837ರಲ್ಲಿ ಪುಸ್ತಕ ಹೊರಬಂತು, ಹೆಸರಾಯಿತು. ನನಗೆ ಮುಖ್ಯವಾದದ್ದು ನಡುವಿನ ಭಾಗ. ಮತ್ತೆ ಬರೆಯಲು ಕೂತಾಗ ಅವರಿಂದ ಆಗಲಿಲ್ಲ. ಹಿಂದೆ ಬರೆದದ್ದು ನೆನಪಿಗೂ ಬರುತ್ತಿರಲಿಲ್ಲ. ಕೆಲವು ವಾರ ಅದನ್ನು ಬದಿಗಿಟ್ಟು, ತಲೆಗೆ ಭಾರವಾಗದ ಕಾದಂಬರಿಗಳನ್ನು ಓದುತ್ತಾ ಕೂತರು. ಆಮೇಲೆ ತಿರುಗಿ ಮೇಜಿಗೆ ಬಂದರು, ಅದೇ ವರ್ಷದ ಸೆಪ್ಟೆಂಬರ್ ಹೊತ್ತಿಗೆ ಆ ಸಂಪುಟವನ್ನು ಮತ್ತೆ ಬರೆದು ಮುಗಿಸಿದರು.

ಆ ಕಾದಂಬರಿ ಓದಿದ ವಾರಗಳನ್ನು ನಾನು ಬಹಳ ಗೌರವದಿಂದ ನೋಡುತ್ತೇನೆ. ಕಳೆದುಕೊಂಡವರಿಗೆ ಸುಮ್ಮನೆ ಕೂರಲು ಸ್ವಲ್ಪ ಕಾಲ ಕೊಡಿ. ಮನೆಯಲ್ಲಿ ಅಂಥವರಿದ್ದರೆ ದಿನಾ "ಮುಂದೇನು" ಎಂದು ಕೇಳಬೇಡಿ. ನನ್ನ ಹೆಂಡತಿ ಆ ಎರಡು ತಿಂಗಳು ಒಂದು ದಿನವೂ ಕೇಳಲಿಲ್ಲ. ಒಂದು ಸಂಜೆ ಮಾತ್ರ, ಮೂಲೆಯಲ್ಲಿದ್ದ ಹಳೆಯ ಹೊಲಿಗೆ ಮಷೀನಿನ ಮೇಲಿನ ಧೂಳು ಒರೆಸುತ್ತಾ, "ಇದಕ್ಕೆ ಎಣ್ಣೆ ಹಾಕಿ ಎಷ್ಟು ದಿನ ಆಯ್ತು, ಸ್ವಲ್ಪ ನೋಡ್ತೀರಾ?" ಎಂದಳು. ಮಷೀನು ಅಂದರೆ ನನ್ನ ಕೈ ತಾನಾಗಿ ಹೋಗುತ್ತದೆ. ಬಿಚ್ಚಿದೆ, ಶಟಲ್ ಹತ್ತಿರ ಸುತ್ತಿಕೊಂಡಿದ್ದ ದಾರದ ಎಳೆಗಳನ್ನು ಚಿಮಟದಿಂದ ತೆಗೆದೆ, ಎಣ್ಣೆ ಬಿಟ್ಟೆ. ಚಕ್ರ ತಿರುಗಿಸಿದಾಗ ಸೂಜಿ ಮೇಲೆ ಕೆಳಗೆ ಆಡಿತು. ಅದನ್ನು ನೋಡುತ್ತಾ ಬಹಳ ಹೊತ್ತು ಕೂತೆ. ಇದನ್ನು ಕಲಿಯಲು ಹೊಸ ಬಂಡವಾಳ ಬೇಡ, ಹೊಸ ಸಾಲ ಬೇಡ, ಮಷೀನು ಮನೆಯಲ್ಲೇ ಇದೆ. ಅವತ್ತು ಹೊಳೆದದ್ದು ಇಷ್ಟೇ.

ಹೀಗೆ ನಾನು ತರಗತಿಗೆ ಸೇರಿದೆ. ಹದಿನಾಲ್ಕು ಜನ, ಹೆಚ್ಚಿನವರು ಇಪ್ಪತ್ತರ ಆಸುಪಾಸಿನ ಹೆಣ್ಣುಮಕ್ಕಳು. ಕಲಿಸುವ ಮೇಡಂ ನನಗಿಂತ ಹತ್ತು ಹನ್ನೆರಡು ವರ್ಷ ಚಿಕ್ಕವರು. ನನ್ನನ್ನು "ಸರ್" ಎಂದೇ ಕರೆಯುತ್ತಿದ್ದರು, ಅದರಿಂದ ನನ್ನ ಸಂಕೋಚ ಇನ್ನೂ ಹೆಚ್ಚಾಗುತ್ತಿತ್ತು. ಮೊದಲ ದಿನ ಚಕ್ರ ಹತ್ತು ಸಲ ಹಿಂದಕ್ಕೆ ತಿರುಗಿತು. ಪಕ್ಕದಲ್ಲಿ ಕೂತಿದ್ದ ಹುಡುಗಿ ಅರ್ಧ ಗಂಟೆಯಲ್ಲಿ ಲಯ ಹಿಡಿದಳು. ನನ್ನ ಪಾದಗಳು ಒಂದನ್ನೊಂದು ಕೇಳುತ್ತಿರಲಿಲ್ಲ. ಕೊನೆಗೆ ಅವಳೇ ಮೆಲ್ಲಗೆ, "ಅಂಕಲ್, ಎರಡೂ ಕಾಲು ಒಟ್ಟಿಗೆ ಇಡಬೇಡಿ, ಒಂದು ಸ್ವಲ್ಪ ಮುಂದೆ, ಒಂದು ಹಿಂದೆ" ಎಂದಳು. ಎಂಟು ಜನರಿಗೆ ಸಂಬಳ ಕೊಟ್ಟವನು ನಾನು. ಆ ಮಾತು ಕೇಳಿ ಕಿವಿ ಬಿಸಿಯಾಯಿತು. ಅವಳು ಹೇಳಿದ್ದು ಸರಿಯಾಗಿತ್ತು. ಹಾಗೆ ಇಟ್ಟ ಮೇಲೆ ಚಕ್ರ ಹಿಂದಕ್ಕೆ ಹೋಗಲಿಲ್ಲ.

ಎರಡನೆಯ ವಾರದಲ್ಲಿ ಇರಬೇಕು, ಒಂದು ಮಧ್ಯಾಹ್ನ ಕೊರಳಿಗೆ ಟೇಪು ಹಾಕಿಕೊಂಡು ಕಿಟಕಿಯ ಬಳಿ ನಿಂತಿದ್ದೆ. ಪ್ರೆಸ್ಸಿಗೆ ವರ್ಷಗಟ್ಟಲೆ ಬರುತ್ತಿದ್ದ ಗಿರಾಕಿಯೊಬ್ಬರು ಹೊರಗೆ ಹೋಗುತ್ತಿದ್ದರು, ತಲೆ ತಿರುಗಿಸಿ ನನ್ನ ಕಡೆ ನೋಡಿದರು. ನಾನು ಟೇಪನ್ನು ಎಳೆದು ಜೇಬಿಗೆ ತುರುಕಿದೆ. ಅವತ್ತು ಮನೆಗೆ ಹೋಗುವಾಗ ದಾರಿಯುದ್ದಕ್ಕೂ ಅದೇ ಯೋಚನೆ. ಅವರು ಯಾರ್ಯಾರಿಗೆ ಹೇಳುತ್ತಾರೋ, ಏನೆಂದು ಹೇಳುತ್ತಾರೋ. ಮರುದಿನ ತರಗತಿಗೆ ಹೋಗಲಿಲ್ಲ. ಅದರ ಮರುದಿನವೂ ಹೋಗಲಿಲ್ಲ.

ನಾಲ್ಕು ಜನ ಏನಂತಾರೆ. ನಮ್ಮ ಭಾಷೆಯಲ್ಲಿ ಈ ಮಾತು ಎಷ್ಟು ಬದುಕುಗಳನ್ನು ಇದ್ದಲ್ಲೇ ಕೂರಿಸಿದೆಯೋ! ಈ ನಾಲ್ಕು ಜನರ ಲೆಕ್ಕವನ್ನು ಮನಶ್ಶಾಸ್ತ್ರಜ್ಞರು ನಿಜವಾಗಿಯೂ ಮಾಡಿ ನೋಡಿದ್ದಾರೆ. ಕಾರ್ನೆಲ್ ವಿಶ್ವವಿದ್ಯಾಲಯದ ಥಾಮಸ್ ಗಿಲೊವಿಚ್ ಮತ್ತು ಸಂಗಡಿಗರು 2000ದಲ್ಲಿ ಪ್ರಕಟಿಸಿದ ಪ್ರಯೋಗ ಅದು. ಒಬ್ಬ ವಿದ್ಯಾರ್ಥಿಗೆ, ಹಾಕಿಕೊಳ್ಳಲು ಮುಜುಗರವಾಗುವಂಥ ಚಿತ್ರವಿರುವ ಟೀ ಶರ್ಟ್ ತೊಡಿಸಿ, ಬೇರೆ ವಿದ್ಯಾರ್ಥಿಗಳು ಕೂತಿರುವ ಕೋಣೆಗೆ ಕಳಿಸಿದರು. ಸ್ವಲ್ಪ ಹೊತ್ತಿಗೆ ಹೊರಗೆ ಕರೆದು, ನಿನ್ನ ಶರ್ಟಿನ ಮೇಲೆ ಯಾರ ಚಿತ್ರವಿದೆ ಎಂದು ಎಷ್ಟು ಜನ ಗಮನಿಸಿರಬಹುದು ಎಂದು ಕೇಳಿದರು. ಶರ್ಟ್ ಹಾಕಿದವರು ಸರಾಸರಿ ಅರ್ಧದಷ್ಟು ಜನ ಎಂದರು. ಕೋಣೆಯಲ್ಲಿದ್ದವರನ್ನು ವಿಚಾರಿಸಿದರೆ ನಿಜಕ್ಕೂ ಗಮನಿಸಿದ್ದವರು ಸುಮಾರು ಕಾಲು ಭಾಗ. ಅಂದರೆ ನಾಲ್ಕು ಜನರಲ್ಲಿ ಒಬ್ಬರು. ಆ ಒಬ್ಬರೂ ಸಂಜೆಯ ಹೊತ್ತಿಗೆ ನಮ್ಮನ್ನು ಮರೆತು ತಮ್ಮ ಚಿಂತೆಯಲ್ಲಿ ಇರುತ್ತಾರೆ ಎನ್ನುವುದು ನಾನು ಸೇರಿಸುವ ಮಾತು. ಆ ಗಿರಾಕಿ ಏಳೆಂಟು ತಿಂಗಳ ಮೇಲೆ ಸಿಕ್ಕಿದರು. ಬಹಳ ಪ್ರೀತಿಯಿಂದ ಕೈ ಹಿಡಿದು, "ಎಲ್ಲಿದ್ದೀರಿ ಮಾರಾಯರೇ, ಪ್ರೆಸ್ ಮುಚ್ಚಿದ ಮೇಲೆ ನೋಡಲೇ ಇಲ್ಲವಲ್ಲ" ಎಂದರು. ಅವರಿಗಾಗಿ ನಾನು ಎರಡು ದಿನದ ಪಾಠ ಬಿಟ್ಟಿದ್ದೆ.

ಮೂರನೆಯ ದಿನ ತಿರುಗಿ ಹೋದದ್ದು ಹೇಗೆ? ದೊಡ್ಡ ಕಾರಣವೇನಿಲ್ಲ. ಕತ್ತರಿಸುವ ಪಾಠ ಅಂದು ಶುರುವಾಗುತ್ತಿತ್ತು, ಹಾಗೂ ಆ ಕತ್ತರಿಯ ಮೇಲೆ ನನಗೆ ಆಸೆಯಿತ್ತು. ಅವತ್ತು ನಡೆದ ಒಂದು ಸಣ್ಣ ಸಂಗತಿ ನನ್ನನ್ನು ನಿಲ್ಲಿಸಿತು ಎಂದೇ ನಾನು ನಂಬಿದ್ದೇನೆ. ಮೇಡಂ ಬಟ್ಟೆ ಹರಡಿ, ಉದ್ದಕ್ಕೆ ಓಡುವ ಎಳೆ ಹಾಸು, ಅಡ್ಡಕ್ಕೆ ಓಡುವುದು ಹೊಕ್ಕು, ಅಂಗಿಯ ಉದ್ದ ಯಾವಾಗಲೂ ಹಾಸಿನ ದಿಕ್ಕಿಗೇ ಬರಬೇಕು, ಓರೆಯಾಗಿ ಕತ್ತರಿಸಿದರೆ ನಾಲ್ಕು ಸಲ ಒಗೆಯುವಷ್ಟರಲ್ಲಿ ಬದಿಯ ಹೊಲಿಗೆ ತಿರುಚಿಕೊಂಡು ಮುಂದಕ್ಕೆ ಬರುತ್ತದೆ ಎಂದು ವಿವರಿಸುತ್ತಿದ್ದರು. ಉಳಿದವರಿಗೆ ಅದು ಬಾಯಿಪಾಠ ಮಾಡಬೇಕಾದ ವಿಷಯ. ನನ್ನ ಕೈಗೆ ಅದು ಗೊತ್ತಿತ್ತು. ಕಾಗದಕ್ಕೂ ಹೀಗೇ ಒಂದು ಓಟ ಇರುತ್ತದೆ. ಅದು ತಯಾರಾಗುವಾಗ ನಾರುಗಳು ಹೆಚ್ಚಾಗಿ ಒಂದೇ ದಿಕ್ಕಿಗೆ ಮಲಗುತ್ತವೆ. ಆ ದಿಕ್ಕಿಗೆ ಮಡಿಚಿದರೆ ಮಡಿಕೆ ನುಣ್ಣಗೆ ಕೂರುತ್ತದೆ, ಅಡ್ಡಕ್ಕೆ ಮಡಿಚಿದರೆ ಬಿರುಕು ಬಿಡುತ್ತದೆ. ಹದಿನೇಳು ವರ್ಷ ದಪ್ಪ ಕಾಗದವನ್ನು ಬೆರಳಲ್ಲಿ ಬಾಗಿಸಿ ನೋಡಿ ಓಟ ಯಾವ ಕಡೆಗಿದೆ ಎಂದು ಹೇಳುತ್ತಿದ್ದವನು ನಾನು. ಬಟ್ಟೆಯನ್ನು ಎರಡೂ ದಿಕ್ಕಿಗೆ ಎಳೆದು ನೋಡಿದೆ. ಹಾಸು ಕಡಿಮೆ ಹಿಗ್ಗಿತು, ಹೊಕ್ಕು ಸ್ವಲ್ಪ ಜಾಸ್ತಿ. ತುದಿಯ ಅಂಚು ನೋಡದೆಯೇ ಹಾಸು ಇದು ಎಂದು ಹೇಳಿದೆ. ಮೇಡಂ ಕತ್ತೆತ್ತಿ, "ಸರ್, ಮುಂಚೆ ಏನು ಮಾಡ್ತಿದ್ರಿ?" ಎಂದರು.

ಆ ಪ್ರಶ್ನೆಗೆ ಅಲ್ಲಿಯವರೆಗೆ ನಾನು ಯಾರಿಗೂ ನೇರ ಉತ್ತರ ಕೊಟ್ಟಿರಲಿಲ್ಲ. ಅವತ್ತು ಕೊಟ್ಟೆ. ಶೂನ್ಯದಿಂದ ಶುರು ಮಾಡುತ್ತಿದ್ದೇನೆ ಎಂಬ ಭಾವನೆ ಅವತ್ತು ಸಡಿಲವಾಯಿತು. ಕಾಗದ ಕಲಿಸಿದ್ದು ಬಟ್ಟೆಗೆ ಬಂತು. ಮಷೀನಿನ ಸದ್ದು ಕೇಳಿ ಎಲ್ಲಿ ಎಣ್ಣೆ ಬೇಕು ಎಂದು ಹೇಳುವ ಕಿವಿ ಬಂತು. ಗಿರಾಕಿ "ಹೀಗಿರಲಿ" ಎನ್ನುವಾಗ ಅವರ ಮನಸ್ಸಿನಲ್ಲಿ ನಿಜವಾಗಿ ಏನಿದೆ ಎಂದು ಕೇಳಿ ತಿಳಿಯುವ ತಾಳ್ಮೆ ಬಂತು. ಕೊಟ್ಟ ದಿನಕ್ಕೆ ಕೆಲಸ ಮುಗಿಸುವ ಹಟವೂ ಬಂತು.

ಇನ್ನೊಂದು ಕಥೆ ಹೇಳುತ್ತೇನೆ. ಇದನ್ನು ನಾನು ಎಷ್ಟು ಸಲ ಹೇಳಿದರೂ ನನಗೆ ಹಳತಾಗುವುದಿಲ್ಲ. ಪೌಲ್ ವಿಟ್‌ಗೆನ್‌ಸ್ಟೈನ್ ಎಂಬ ಪಿಯಾನೊ ವಾದಕ 1913ರಲ್ಲಿ ವಿಯೆನ್ನಾದಲ್ಲಿ ಮೊದಲ ಕಛೇರಿ ಕೊಟ್ಟ. ಮರುವರ್ಷ ಮೊದಲ ಮಹಾಯುದ್ಧ. ಆತ ಸೈನಿಕನಾಗಿ ಹೋದ, ಮೊದಲ ತಿಂಗಳುಗಳಲ್ಲೇ ಬಲಮೊಣಕೈಗೆ ಗುಂಡು ಬಿತ್ತು, ಬಲಗೈಯನ್ನು ಕತ್ತರಿಸಬೇಕಾಯಿತು. ಅದೇ ಹೊತ್ತಿಗೆ ರಷ್ಯನ್ನರ ಸೆರೆಯಾಗಿ ಸೈಬೀರಿಯಾದ ಓಮ್ಸ್ಕ್‌ಗೆ ಸಾಗಿಸಲ್ಪಟ್ಟ. ಪಿಯಾನೊ ವಾದಕನಿಗೆ 27ನೆಯ ವಯಸ್ಸಿಗೆ ಬಲಗೈ ಇಲ್ಲ. ಅಲ್ಲಿ ಆತ ಒಂದು ಖಾಲಿ ಮರದ ಪೆಟ್ಟಿಗೆಯ ಮೇಲೆ ಇದ್ದಿಲಿನಲ್ಲಿ ಪಿಯಾನೊದ ಮನೆಗಳನ್ನು ಬರೆದುಕೊಂಡ ಎಂದು ಅವನ ಜೀವನಚರಿತ್ರೆ ಹೇಳುತ್ತದೆ. ಎಡಗೈಯ ಐದು ಬೆರಳುಗಳಿಂದ ಆ ಮರದ ಮೇಲೆ ದಿನಾ ಗಂಟೆಗಟ್ಟಲೆ ಬಾರಿಸುತ್ತಿದ್ದ. ಎರಡು ಕೈಗೆಂದು ಬರೆದ ಕೃತಿಗಳನ್ನು ಒಂದೇ ಕೈಗೆ ಹೇಗೆ ಒಗ್ಗಿಸುವುದು ಎಂದು ಬೆರಳಲ್ಲೇ ಹುಡುಕುತ್ತಿದ್ದ. ಪೆಟ್ಟಿಗೆಯಿಂದ ಸ್ವರ ಬರುವುದಿಲ್ಲ. ಟಕ್ ಟಕ್ ಎಂಬ ಸದ್ದು ಮಾತ್ರ. ಸುತ್ತ ಸೆರೆಯಾಳುಗಳು ನೋಡುತ್ತಿದ್ದಾರೆ.

ಈ ಪೆಟ್ಟಿಗೆಯ ಬಗ್ಗೆ ಓದಿದ ದಿನ ನಾನು ಎದ್ದು ಹೋಗಿ ಕಪಾಟಿನಿಂದ ಈ ತೂತಿನ ಹಾಳೆಯನ್ನು ಹುಡುಕಿ ತೆಗೆದೆ. ಅಲ್ಲಿಯವರೆಗೆ ಅದು ಹಳೆಯ ನೋಟ್ ಪುಸ್ತಕದ ನಡುವೆ ಬಿದ್ದಿತ್ತು.

ವಿಟ್‌ಗೆನ್‌ಸ್ಟೈನ್ ಬಿಡುಗಡೆಯಾಗಿ ಬಂದು 1916ರಲ್ಲಿ ಒಂದೇ ಕೈಯಿಂದ ಕಛೇರಿ ಕೊಟ್ಟ. ಆಮೇಲೆ ದೊಡ್ಡ ದೊಡ್ಡ ಸಂಗೀತ ರಚನಕಾರರಿಂದ ಎಡಗೈಗೆಂದೇ ಕೃತಿಗಳನ್ನು ಬರೆಸಿದ. ಅವುಗಳಲ್ಲಿ ಮೋರಿಸ್ ರವೇಲ್ ಬರೆದ ಎಡಗೈಯ ಕನ್ಚೆರ್ಟೊ, ಅಂದರೆ ವಾದ್ಯವೃಂದದ ಜೊತೆ ಒಬ್ಬರು ನುಡಿಸುವ ಕೃತಿ, ಎಲ್ಲಕ್ಕಿಂತ ಪ್ರಸಿದ್ಧ. ಅದರ ಮೊದಲ ಪ್ರದರ್ಶನ 1932ರ ಜನವರಿಯಲ್ಲಿ ವಿಯೆನ್ನಾದಲ್ಲಿ. ಕಥೆ ಇಲ್ಲಿಗೆ ಮುಗಿಯಲಿಲ್ಲ. ಮೂವತ್ತು ವರ್ಷ ದಾಟಿದ ಮೇಲೆ, 1964ರಲ್ಲಿ, ಅಮೆರಿಕದ ಪಿಯಾನೊ ವಾದಕ ಲಿಯಾನ್ ಫ್ಲೈಶರ್ ಅವರ ಬಲಗೈಯ ಕೊನೆಯ ಎರಡು ಬೆರಳು ಒಳಕ್ಕೆ ಮಡಿಚಿಕೊಳ್ಳತೊಡಗಿದವು. ಅವರಿಗಾಗ 36 ವರ್ಷ, ಕೀರ್ತಿಯ ತುದಿಯಲ್ಲಿದ್ದರು. ಡಿಸ್ಟೋನಿಯಾ ಎಂಬ ನರಸಂಬಂಧಿ ತೊಂದರೆ ಅದು. ತೀರಾ ಕುಗ್ಗಿಹೋದರು. ಆಮೇಲೆ ಪಾಠ ಹೇಳುವುದರಲ್ಲಿ ತೊಡಗಿದರು, ವಾದ್ಯವೃಂದ ನಿರ್ದೇಶಿಸಿದರು, ವೇದಿಕೆಯ ಮೇಲೆ ಎಡಗೈಯ ಕೃತಿಗಳನ್ನು ನುಡಿಸಿದರು. ಆ ಕೃತಿಗಳು ಇದ್ದದ್ದು, ಸೈಬೀರಿಯಾದಲ್ಲಿ ಒಬ್ಬ ಸೆರೆಯಾಳು ಪೆಟ್ಟಿಗೆಯ ಮೇಲೆ ಬೆರಳಾಡಿಸಿದ್ದರಿಂದ. ಫ್ಲೈಶರ್ ಅವರಿಗೆ ಬಲಗೈ ಮರಳಿ ಒದಗಿದ್ದು 1990ರ ದಶಕದಲ್ಲಿ ಸ್ನಾಯುಗಳ ಬಿಗಿ ಸಡಿಲಿಸುವ ಬೊಟಾಕ್ಸ್ ಚುಚ್ಚುಮದ್ದಿನ ನೆರವಿನಿಂದ. 2004ರಲ್ಲಿ ಎರಡೂ ಕೈಗಳ ಧ್ವನಿಮುದ್ರಣ ಹೊರಬಂತು. ನಲವತ್ತು ವರ್ಷ. ಆ ನಲವತ್ತು ವರ್ಷವೂ ಅವರು ಸಂಗೀತದಲ್ಲೇ ಇದ್ದರು.

ವಯಸ್ಸಿನ ಮಾತನ್ನು ಬೇಗ ಮುಗಿಸುತ್ತೇನೆ, ಯಾಕೆಂದರೆ ಅದರ ಬಗ್ಗೆ ನಾವು ಬೇಕಾದ್ದಕ್ಕಿಂತ ಹೆಚ್ಚು ಚಿಂತಿಸುತ್ತೇವೆ. 2013ರಲ್ಲಿ 18ರಿಂದ 68ರವರೆಗಿನ 19,000ಕ್ಕೂ ಹೆಚ್ಚು ಜನರ ಮೇಲೆ ನಡೆದ ಅಧ್ಯಯನವೊಂದು ಪ್ರಕಟವಾಯಿತು. ಎಲ್ಲ ವಯಸ್ಸಿನವರೂ ಹಿಂದಿನ ಹತ್ತು ವರ್ಷದಲ್ಲಿ ತಾವು ಬಹಳ ಬದಲಾಗಿದ್ದೇವೆ ಎಂದರು, ಮುಂದಿನ ಹತ್ತು ವರ್ಷದಲ್ಲಿ ಹೆಚ್ಚೇನೂ ಬದಲಾಗುವುದಿಲ್ಲ ಎಂದೂ ಹೇಳಿದರು. "ನಾನು ಇಷ್ಟೇ, ಇನ್ನು ಹೀಗೇ" ಎಂಬ ಭಾವನೆ ಇಪ್ಪತ್ತರಲ್ಲೂ ಇರುತ್ತದೆ, ಅರವತ್ತರಲ್ಲೂ ಇರುತ್ತದೆ, ಎರಡು ಕಡೆಯೂ ತಪ್ಪಾಗಿರುತ್ತದೆ. ಅಮೆರಿಕದಲ್ಲಿ ಅತಿ ವೇಗವಾಗಿ ಬೆಳೆದ ಹೊಸ ಕಂಪನಿಗಳನ್ನು ಕಟ್ಟಿದವರ ಸರಾಸರಿ ವಯಸ್ಸು, ಶುರು ಮಾಡಿದಾಗ, 45 ಎಂದು ಇನ್ನೊಂದು ದೊಡ್ಡ ಅಧ್ಯಯನ ಕಂಡುಕೊಂಡಿದೆ. ಚಿತ್ರಕಾರ ಆನ್ರಿ ಮಾತೀಸ್ 1941ರಲ್ಲಿ ದೊಡ್ಡ ಶಸ್ತ್ರಚಿಕಿತ್ಸೆಯಿಂದ ಬದುಕಿ ಬಂದಾಗ 71 ವರ್ಷದವರು, ಚಿತ್ರಫಲಕದ ಎದುರು ನಿಲ್ಲಲು ಶಕ್ತಿ ಸಾಲುತ್ತಿರಲಿಲ್ಲ. ಬಣ್ಣ ಬಳಿದ ಕಾಗದ ಮತ್ತು ಕತ್ತರಿ ಹಿಡಿದರು. ಅದನ್ನು ತಮ್ಮ ಎರಡನೆಯ ಬದುಕು ಎಂದು ಕರೆದರು.

ಒಂದು ಎಚ್ಚರಿಕೆಯ ಮಾತನ್ನು ಹೇಳದೆ ಹೋದರೆ ನಾನು ನಿಮಗೆ ಅನ್ಯಾಯ ಮಾಡಿದಂತಾಗುತ್ತದೆ. ನನ್ನ ಹೆಂಡತಿಗೆ ಆಗ ಕೆಲಸವಿತ್ತು. ಮನೆ ಬಾಡಿಗೆ, ಮಗಳ ಫೀಸು ಅವಳ ಸಂಬಳದಲ್ಲಿ ನಡೆಯಿತು. ನನ್ನ ಧೈರ್ಯದಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಅವಳದು. ಅಂಥ ಆಸರೆ ಇಲ್ಲದವರಿಗೆ "ಹಾರಿಬಿಡಿ, ಬೀಳುವುದಿಲ್ಲ" ಎನ್ನುವುದು ಸುಲಭ, ಬಿದ್ದಾಗ ಹಿಡಿಯುವವರು ಹೇಳಿದವರಲ್ಲ. ಇರುವ ಕೆಲಸ ಇಟ್ಟುಕೊಂಡೇ ಸಂಜೆ ಎರಡು ಗಂಟೆ ಹೊಸದಕ್ಕೆ ಕೊಡುವವರನ್ನು ಕಂಡರೆ ಕೆಲವರು ಎರಡು ದೋಣಿಯಲ್ಲಿ ಕಾಲಿಟ್ಟವರು ಎನ್ನುತ್ತಾರೆ. 2014ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಸಂಬಳದ ಕೆಲಸ ಬಿಡದೆ ಸ್ವಂತ ಉದ್ಯೋಗ ಶುರು ಮಾಡಿ ಆಮೇಲೆ ಪೂರ್ತಿ ಅದಕ್ಕೆ ಬಂದವರು, ಒಮ್ಮೆಲೇ ಹಾರಿದವರಿಗಿಂತ ಉದ್ಯೋಗ ಕೈಬಿಡುವ ಸಾಧ್ಯತೆ ಸುಮಾರು ಮೂರನೇ ಒಂದರಷ್ಟು ಕಡಿಮೆ ಎಂದು ಕಂಡುಬಂತು. ನಿಧಾನವಾಗಿ ಬರುವವರಿಗೂ ಧೈರ್ಯ ಬೇಕು. ದಿನವಿಡೀ ದುಡಿದು ಬಂದ ಮೇಲೆ ಮತ್ತೆ ಕಲಿಯಲು ಕೂರುವುದು ಎಷ್ಟು ಕಷ್ಟ ಎಂದು ಮಾಡಿದವರಿಗೇ ಗೊತ್ತು.

ಇದೆಲ್ಲ ಆಗಿ ಈಗ ಹನ್ನೊಂದು ವರ್ಷ. ನನ್ನದೊಂದು ಸಣ್ಣ ಹೊಲಿಗೆ ಅಂಗಡಿ ಇದೆ, ಮಧ್ಯಾಹ್ನ ಎರಡು ಗಂಟೆ ಕಲಿಸುತ್ತೇನೆ. ಹೋದ ವಾರ ಒಬ್ಬರು ಬಂದರು. ಐವತ್ತೆರಡು ವರ್ಷ, ಬಹಳ ಕಾಲ ಒಂದು ಕಚೇರಿಯಲ್ಲಿ ಮೇಲಿನ ಹುದ್ದೆಯಲ್ಲಿದ್ದವರು ಎಂದು ಮಾತಿನಲ್ಲಿ ಗೊತ್ತಾಯಿತು. ಯಾಕೆ ಬಿಟ್ಟಿರಿ ಎಂದು ನಾನು ಕೇಳಲಿಲ್ಲ. ಮಷೀನಿನ ಮುಂದೆ ಕೂತು ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡರು. ಪಕ್ಕದ ಮಷೀನುಗಳಲ್ಲಿ ಹುಡುಗಿಯರು ಸರಸರನೆ ಹೊಲಿಯುತ್ತಿದ್ದರು. ಅವರನ್ನೊಮ್ಮೆ, ಬಾಗಿಲ ಕಡೆಗೊಮ್ಮೆ ನೋಡಿದರು.

"ಸರ್, ನನಗೆ ಇದು ಏನೂ ಬರಲ್ಲ" ಎಂದರು.

ನಾನು ಸೂಜಿಯಿಂದ ದಾರ ಎಳೆದು ತೆಗೆದೆ. ಗೆರೆ ಹಾಳೆಯೊಂದನ್ನು ಸೂಜಿಯ ಕೆಳಗೆ ಸರಿಸಿ, "ಹೊಲಿಯೋದು ಆಮೇಲೆ ಅಮ್ಮಾ, ಇವತ್ತು ಬರೀ ಗೆರೆ ಮೇಲೆ ಹೋಗಿ ನೋಡೋಣ. ಒಂದು ಕಾಲು ಸ್ವಲ್ಪ ಮುಂದೆ ಇಟ್ಕೊಳ್ಳಿ" ಎಂದೆ.

ಅವರು ಚಪ್ಪಲಿ ಬಿಚ್ಚಿ ಪಕ್ಕಕ್ಕಿಟ್ಟು, ಚಕ್ರದ ಮೇಲೆ ಕೈಯಿಟ್ಟರು.